ಅವನು ತಿರುಗಿ ನೋಡಿದ ಮೇಲೆ

ಪ್ರಶ್ನೆ: ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರ ‘ಆರ್ಫಿಯಸ್ ಮತ್ತು ಯೂರಿಡಿಸ್’ ನೃತ್ಯದ ವಿಡಿಯೊ ನೋಡಿದೆ. ಒಂದೊಂದು ಪಾತ್ರಕ್ಕೂ ಇಬ್ಬಿಬ್ಬರು ಯಾಕೆ? ಸಂಗೀತ ಸಂಯೋಜಕ ಗ್ಲುಕ್‌ನ ಮೂಲ ಒಪೆರಾದಲ್ಲಿ (ಹಾಡಿನ ನಾಟಕದಲ್ಲಿ) ಪ್ರೇಮಿಗಳು ಕೊನೆಗೆ ಒಂದಾಗುತ್ತಾರೆ ಅಂತ ಓದಿದ್ದೆ. ಇಲ್ಲಿ ಹಾಗಾಗಲೇ ಇಲ್ಲವಲ್ಲ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮೂರಿನವರಿಗೆ ಮೊದಲ ಪ್ರಶ್ನೆ ಕಷ್ಟವಲ್ಲ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷದವರು ಕುಣಿಯುತ್ತಾರೆ ಅಲ್ವಾ? ಇಲ್ಲಿ ಹಾಡುವವರೂ ಕಪ್ಪು ಬಟ್ಟೆಯಲ್ಲಿ ರಂಗದ ಮೇಲೇ ಓಡಾಡುತ್ತಾರೆ. ಮಾತು ಒಬ್ಬರದು, ಮೈ ಇನ್ನೊಬ್ಬರದು.

ಎರಡನೆಯದು ನನಗೆ ತುಂಬಾ ಇಷ್ಟದ ವಿಷಯ. ಒಪೆರಾದ ಕಥೆ ಇಷ್ಟು: ಸತ್ತ ಹೆಂಡತಿ ಯೂರಿಡಿಸ್‌ಳನ್ನು ಕರೆತರಲು ಗಾಯಕ ಆರ್ಫಿಯಸ್ ಸತ್ತವರ ಲೋಕಕ್ಕೆ ಹೋಗುತ್ತಾನೆ. ವಾಪಸ್ ಬರುವಾಗ ಅವಳನ್ನು ತಿರುಗಿ ನೋಡಬಾರದು, ಯಾಕೆ ಅಂತ ಹೇಳಲೂಬಾರದು ಅನ್ನುವುದು ಷರತ್ತು. ಅವನು ನೋಡಿಬಿಡುತ್ತಾನೆ, ಅವಳು ಮತ್ತೆ ಸಾಯುತ್ತಾಳೆ. ಆದರೆ 1762ರ ಒಪೆರಾದಲ್ಲಿ ಆಮೇಲೆ ಪ್ರೇಮದೇವ ಬಂದು ಯೂರಿಡಿಸ್‌ಗೆ ಮತ್ತೆ ಜೀವ ಕೊಡುತ್ತಾನೆ. 1975ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಇದನ್ನು ಕಟ್ಟಿದಾಗ ಬೌಶ್ ಆ ಸುಖಾಂತ್ಯವನ್ನೇ ಕಿತ್ತುಹಾಕಿದರು. ನಾಲ್ಕು ಭಾಗ: ಶೋಕ, ಹಿಂಸೆ, ಶಾಂತಿ, ಸಾವು. ಕೊನೆಗೆ ಮತ್ತೆ ಮೊದಲಿನ ಶೋಕದ ಸಂಗೀತವೇ ಬರುತ್ತದೆ. ಹಳೆಯ ಗ್ರೀಕ್ ಕಥೆಯಲ್ಲೂ ಆರ್ಫಿಯಸ್ ಅವಳನ್ನು ಎರಡನೇ ಸಲ ಕಳೆದುಕೊಳ್ಳುತ್ತಾನೆ. ಹಾಗಾಗಿ ಬೌಶ್ ಕಥೆ ಬದಲಿಸಿದರು ಅನ್ನುವುದಕ್ಕಿಂತ ಕಥೆಗೆ ವಾಪಸ್ ಹೋದರು ಅನ್ನಬೇಕು.

ನಾನು ಭರತನಾಟ್ಯ ಕಲಿಸುವವಳು. ಮುಖದಲ್ಲೇ ಎಲ್ಲ ಹೇಳಿ ಅಂತ ದಿನಾ ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಮುಖಕ್ಕಿಂತ ಬೆನ್ನು, ತೋಳು, ಬಗ್ಗಿದ ಕತ್ತು ಜಾಸ್ತಿ ಮಾತಾಡುತ್ತವೆ. ಕೆಂಪು ಉಡುಪಿನ ಯೂರಿಡಿಸ್ ಹಿಂದಿನಿಂದ ಅವನನ್ನು ಬೇಡುವ ದೃಶ್ಯ ಮತ್ತೆ ನೋಡಿ. ಅವನು ಯಾಕೆ ನೋಡುತ್ತಿಲ್ಲ ಅಂತ ಅವಳಿಗೆ ಗೊತ್ತಿಲ್ಲ. ಅವನು ಹೇಳುವ ಹಾಗಿಲ್ಲ. ಅಲ್ಲಿ ಆಡಿಯೊ ನಿಲ್ಲಿಸಿ, ಸುಮ್ನೆ ಅವನ ಬೆನ್ನನ್ನೇ ನೋಡಿ.