ಆವಿಯಾಗುವುದು ನೀರು, ಉಪ್ಪಲ್ಲ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಅನ್ನುತ್ತಾರಲ್ಲ, ಅದು ಓಡಿದ ಹಿಂದೆಯೇ ನನಗೆ ಪತ್ರಗಳು ಬರಲು ಶುರು. ದಾವಣಗೆರೆ, ಹರಿಹರ, ಹಿರಿಯೂರು, ಚಳ್ಳಕೆರೆ. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ಊರುಗಳಲ್ಲಿ, ಮನೆಯ ಪಡಸಾಲೆಯೊಳಗೇ ಉಪ್ಪುನೀರಿನ ಗಾಜಿನ ಟ್ಯಾಂಕಿನಲ್ಲಿ ಕಡಲು ಕಟ್ಟಿಕೊಂಡವರ ಪತ್ರಗಳು. ಪ್ರತಿ ಬೇಸಿಗೆಗೂ ಪ್ರಶ್ನೆಗಳು ಅವೇ, ಸಾಯುವ ಜೀವಗಳೂ ಅವೇ. ಆದ್ದರಿಂದ ಈ ಸಲ ಒಂದೇ ಪ್ರಶ್ನೆಯನ್ನು ಹಿಡಿದು ಕೂತಿದ್ದೇನೆ. ಉಳಿದವಕ್ಕೆ ಅವುಗಳ ಯೋಗ್ಯತೆಯಷ್ಟು ಉತ್ತರ.

ಟ್ಯಾಂಕನ್ನು ‘ಸೈಕಲ್’ ಮಾಡುವುದು, ಅಂದರೆ ಮೀನಿನ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಸುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ತಿಂಗಳು, ಒಂದೂವರೆ ತಿಂಗಳು ಮೀನಿಲ್ಲದೆ ಟ್ಯಾಂಕ್ ಓಡಿಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದದ್ದನ್ನು ಅಳೆದು ನೋಡಿ ಆಮೇಲೆ ಮೀನು ಬಿಡುವ ತಾಳ್ಮೆ ಇಲ್ಲದವರು ಗೋಲ್ಡ್ ಫಿಶ್ ಸಾಕಲಿ ಎಂದು ಮೊದಲೆಲ್ಲ ಬರೆಯುತ್ತಿದ್ದೆ. ಗೋಲ್ಡ್ ಫಿಶ್‌ಗೂ ಅದೇ ತಾಳ್ಮೆ ಬೇಕು.

ಪ್ರಶ್ನೆ: ಸಾರ್, ನನ್ನದು ಮೂರಡಿ ಟ್ಯಾಂಕ್, ಸುಮಾರು 200 ಲೀಟರ್. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಕೆಲವು ಮೆತ್ತನೆ ಹವಳ. ಒಂಬತ್ತು ತಿಂಗಳು ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ನೀರು 31 ಡಿಗ್ರಿ ದಾಟಿತು. ಫ್ಯಾನ್ ಹಾಕಿಸಿದೆ, 27ಕ್ಕೆ ಇಳಿಯಿತು. ಆದರೆ ಹನ್ನೆರಡು ದಿನದಲ್ಲಿ ಸೀಗಡಿ ಸತ್ತಿತು, ಬಸವನಹುಳಗಳೂ ಸತ್ತವು, ಹವಳ ಬಾಯಿ ಬಿಡುತ್ತಿಲ್ಲ. ದಿನಾ ನಾಲ್ಕು ಲೀಟರ್ ನೀರು ಕಮ್ಮಿಯಾಗುತ್ತೆ, ಅಷ್ಟನ್ನೂ ಸರಿಯಾಗಿ ಉಪ್ಪು ಕಲಸಿ ತುಂಬುತ್ತಿದ್ದೇನೆ. ಅಂಗಡಿಯವರು ಫ್ಯಾನಿನ ಗಾಳಿಯಿಂದ ಸೋಂಕಾಗಿದೆ ಅಂತ ನೀಲಿ ಔಷಧಿ ಕೊಟ್ಟಿದ್ದಾರೆ. ಫ್ಯಾನ್ ತೆಗೆದು ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಹಾಕಿಸಲೇ? — ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ. ಔಷಧಿ ಶೀಶೆಯ ಮುಚ್ಚಳವನ್ನೂ ತೆಗೆಯಬೇಡಿ. ಫ್ಯಾನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ತಪ್ಪಿದ್ದು ನಿಮ್ಮ ಬಕೆಟ್ಟು.

ಮಣ್ಣಿನ ಹರವಿಯ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತೆ. ಹೊರಮೈಗೆ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತೆ. ನಿಮ್ಮ ಫ್ಯಾನ್ ಮಾಡುವುದೂ ಅದನ್ನೇ. ಒಂದು ಲೀಟರ್ ಆವಿಯಾದರೆ 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು ಶಾಖ ಹೊರಟುಹೋಗುತ್ತೆ. ಮಂಡಕ್ಕಿ ಭಟ್ಟಿಯ ಮುಂದೆ ಕೂತಂತಿರುವ ನಿಮ್ಮ ಪಡಸಾಲೆ ಅದನ್ನು ಮತ್ತೆ ಕಾಯಿಸುತ್ತಲೇ ಇರುತ್ತೆ, ಹಾಗಾಗಿ ದಿನಕ್ಕೆ ನಾಲ್ಕು ಲೀಟರ್. ನಾನು ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ಲಿನಲ್ಲಿ ಒಗೆದ ಅಂಗಿ ಎರಡು ದಿನಕ್ಕೂ ಒಣಗುತ್ತಿರಲಿಲ್ಲ. ಅಂಥ ಗಾಳಿಯಲ್ಲಿ ಇದೇ ಫ್ಯಾನ್ ಒಂದು ಡಿಗ್ರಿ ಇಳಿಸಲೂ ಒದ್ದಾಡುತ್ತೆ. ಇಲ್ಲಿ ಹಪ್ಪಳ ಒಣಗುವ ಬಿಸಿಲು, ಒಣ ಗಾಳಿ. ಬಯಲುಸೀಮೆಯವರಿಗೆ ಕಡಲ ಟ್ಯಾಂಕಿನ ವಿಷಯದಲ್ಲಿ ಸಿಕ್ಕಿರುವ ಒಂದೇ ಒಂದು ಅನುಕೂಲ ಇದು. ಅದನ್ನು ಬಿಟ್ಟು ಚಿಲ್ಲರ್‌ಗೆ ದುಡ್ಡು ಸುರಿಯಬೇಡಿ. ಟ್ಯಾಂಕಿನಿಂದ ತೆಗೆದ ಬಿಸಿಯನ್ನು ಚಿಲ್ಲರ್ ನಿಮ್ಮ ಪಡಸಾಲೆಗೇ ಬಿಡುತ್ತೆ, ಅದು ಬೇರೆ.

ಈಗ ಲೆಕ್ಕಕ್ಕೆ ಬನ್ನಿ. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಒಂದು ಗ್ರಾಂ ಕೂಡ ಏಳುವುದಿಲ್ಲ. ಕಡಲ ನೀರಿನಂತೆ ಲೀಟರಿಗೆ 35 ಗ್ರಾಂ ಹಿಡಿದರೆ ನಿಮ್ಮ ಟ್ಯಾಂಕಿನಲ್ಲಿ 7 ಕೆಜಿ ಉಪ್ಪಿತ್ತು. ನೀವು ದಿನಾ ನಾಲ್ಕು ಲೀಟರ್ ಉಪ್ಪುನೀರು ಸೇರಿಸಿದಿರಿ, ಅಂದರೆ ದಿನಕ್ಕೆ 140 ಗ್ರಾಂ. ಹನ್ನೆರಡು ದಿನಕ್ಕೆ 1 ಕೆಜಿ 680 ಗ್ರಾಂ. ನೀರು ಅದೇ 200 ಲೀಟರ್, ಉಪ್ಪು ಲೀಟರಿಗೆ 43 ಗ್ರಾಂ ದಾಟಿತು. ಉಪ್ಪಿಗೆ ಹೆಸರಾದ ಕೆಂಪು ಸಮುದ್ರದಲ್ಲೂ ಇರುವುದು 40ರ ಆಸುಪಾಸು. ಸೀಗಡಿ, ಬಸವನಹುಳಗಳಿಗೆ ಮೈಯೊಳಗಿನ ಉಪ್ಪನ್ನು ಹೊರಗಿನದರಿಂದ ಬೇರೆಯಾಗಿ ಕಾಪಾಡಿಕೊಳ್ಳುವ ಶಕ್ತಿ ಕಡಿಮೆ, ಅವು ಮೊದಲು ಹೋದವು. ಕ್ಲೌನ್ ಗಟ್ಟಿ ಮೀನು, ಇನ್ನೂ ತಡೆದುಕೊಂಡಿದೆ. ಸೋಂಕೂ ಇಲ್ಲ, ಗಾಳಿಯೂ ಇಲ್ಲ. ಉಪ್ಪು ಅಳೆದಿದ್ದರೆ ಮೂರನೆಯ ದಿನವೇ ಗೊತ್ತಾಗುತ್ತಿತ್ತು. ಅಂಗಡಿಯವರು ಅಳೆಯದೆ ಔಷಧಿ ಕೊಟ್ಟರು, ನೀವು ಅಳೆಯದೆ ತಂದಿರಿ.

ಇಳಿಸುವಾಗ ಅವಸರ ಬೇಡ. ಆವಿಯಾದಷ್ಟಕ್ಕೆ ಇಂದಿನಿಂದ ಸಪ್ಪೆ ನೀರು. ಅದರ ಮೇಲೆ ದಿನಕ್ಕೆ ಐದು ಲೀಟರ್ ಟ್ಯಾಂಕಿನ ನೀರು ತೆಗೆದು ಅಷ್ಟೇ ಸಪ್ಪೆ ನೀರು ಹಾಕಿ. ದಿನಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಇಳಿದು, ಎಂಟೊಂಬತ್ತು ದಿನಕ್ಕೆ 35ಕ್ಕೆ ಬರುತ್ತೆ. ಒಂದೇ ದಿನಕ್ಕೆ ಇಳಿಸಿದರೆ ಉಳಿದ ಹವಳವೂ ಹೋಗುತ್ತೆ. ಅಳೆಯಲು ಮುಳ್ಳು ಓಲಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ, ಮುಳ್ಳಿಗೆ ಎರಡು ಗಾಳಿಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತೆ. ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಅದನ್ನು 35ರ ಅಳತೆ ದ್ರಾವಣದಲ್ಲೇ ಸರಿಮಾಡಿಕೊಳ್ಳಿ. ಉಪ್ಪು ಸರಿಯಿರುವ ದಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಗೆರೆಗಿಂತ ಕೆಳಗಿಳಿದರೆ ಸಪ್ಪೆ ನೀರು. ಉಪ್ಪುನೀರಿನ ಬಕೆಟ್ಟು ಹೊರಗೆ ಬರುವುದು ನೀರು ಬದಲಿಸುವ ದಿನ ಮಾತ್ರ.

ಮೇಲೆ ಗಾಜಿನ ಮುಚ್ಚಳ ಇದ್ದರೆ ತೆಗೆಯಿರಿ, ಅದಿದ್ದರೆ ಫ್ಯಾನಿನ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಮೀನು ಹಾರದಂತೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ಚೌಕಟ್ಟಿಗೆ ಹೊಡೆಸಿ. ಅದೇ ಕೋಣೆಯಲ್ಲಿ ಸೊಳ್ಳೆಗೆಂದು ಲಿಕ್ವಿಡ್ ಮಷೀನ್ ಹಚ್ಚಿದ್ದರೆ ಅದನ್ನು ಇವತ್ತೇ ಆಚೆ ಇಡಿ. ಸೊಳ್ಳೆ ಕೊಲ್ಲುವ ಆ ಔಷಧಿ ಸೀಗಡಿಗೂ ಮೀನಿಗೂ ವಿಷ.

ದಿನಾ ತುಂಬಲು ಬೇಜಾರಾದರೆ, ಮಟ್ಟ ಇಳಿದಾಗ ತಾನಾಗಿ ನೀರು ಬಿಡುವ ಫ್ಲೋಟ್ ವಾಲ್ವ್ ಹಾಕಿಸಬಹುದು. ಆದರೆ ಅದರ ಹಿಂದೆ 20 ಲೀಟರಿನ ಕ್ಯಾನಿಗಿಂತ ದೊಡ್ಡದೇನೂ ಇರಬಾರದು. ನಾನು ಜಾಣತನ ಮಾಡಿ ಮಾಳಿಗೆಯ ಮೇಲಿನ 100 ಲೀಟರ್ ಡ್ರಮ್ಮಿಗೆ ಪೈಪ್ ಕೊಟ್ಟಿದ್ದೆ. ನೆಂಟರ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಪಡಸಾಲೆಯ ತುಂಬಾ ನೀರು. ವಾಲ್ವಿನ ಸಂದಿಗೆ ಉಪ್ಪು ಕಟ್ಟಿ ಅದು ಮುಚ್ಚಿಕೊಂಡಿರಲಿಲ್ಲ. ಸಪ್ಪೆ ನೀರು ಒಳಗೆ ಬರುತ್ತಾ ಉಪ್ಪುನೀರು ಹೊರಗೆ ಚೆಲ್ಲುತ್ತಾ, ಟ್ಯಾಂಕಿನ ಉಪ್ಪು 21ಕ್ಕೆ ಇಳಿದಿತ್ತು. ಕ್ಲೌನ್ ಬದುಕಿತು, ನಾಲ್ಕು ವರ್ಷದ ಹವಳ ಲೋಳೆಯಾಗಿ ಹೋಯಿತು. ನಿಮ್ಮದು ಹೆಚ್ಚು, ನನ್ನದು ಕಮ್ಮಿ, ಅಷ್ಟೇ ವ್ಯತ್ಯಾಸ. ಅವತ್ತಿನಿಂದ ನಾನು ಚೊಂಬು ಹಿಡಿದೇ ತುಂಬುತ್ತೇನೆ.

ಇನ್ನು ಕರೆಂಟ್. ಮೇ ತಿಂಗಳಲ್ಲಿ ಕರೆಂಟ್ ಹೋದಾಗ ಟ್ಯಾಂಕ್ ಸಾಯುವುದು ಬಿಸಿಯಿಂದ ಎಂದು ತಿಳಿದು ಐಸ್ ತುಂಡು ಎಸೆಯುವವರಿದ್ದಾರೆ. ಬಿಸಿಗಿಂತ ಮೊದಲು ಕೊಲ್ಲುವುದು ಉಸಿರು. ಉಪ್ಪುನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿಯೇ ಕಡಿಮೆ, ಬಿಸಿಯಾದರೆ ಇನ್ನೂ ಕಡಿಮೆ. ಪಂಪ್ ನಿಂತರೆ ಗಾಳಿ ತಾಗಿದ ಮೇಲಿನ ನೀರು ಕೆಳಗಿಳಿಯುವುದಿಲ್ಲ. ಮನೆಯ ಇನ್ವರ್ಟರಿಗೆ ಒಂದು ವೇವ್‌ಮೇಕರ್ (ನೀರು ಕಲಕುವ ಪಂಪ್) ಅಥವಾ ಬ್ಯಾಟರಿಯ ಏರ್ ಪಂಪ್, ಜೊತೆಗೆ ಆ ಫ್ಯಾನ್. ಮೂವತ್ತು ವಾಟ್ ಕೂಡ ಆಗದು, ಟಿವಿಗಿಂತ ಅಗ್ಗ. ಲೈಟು ಬೇಡ. ಹವಳ ಒಂದು ದಿನ ಕತ್ತಲಲ್ಲಿದ್ದರೆ ಏನೂ ಆಗುವುದಿಲ್ಲ, ಮೋಡ ಕವಿದ ದಿನ ಕಡಲಿನಲ್ಲೂ ಇರುತ್ತೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಾಗಾಗಿ ಐದು ರೂಪಾಯಿ ಕಾಯಿನ್ ಹಾಕುವ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇನೆ. ಸಾಕೇ? — ಹಿರಿಯೂರು ತಾಲ್ಲೂಕು

ಉತ್ತರ: ಕುಡಿಯಲು ಸಾಕು, ಹವಳಕ್ಕೆ ಸಾಲದು. ಫ್ಲೋರೈಡ್ ನಿಮ್ಮ ಹಲ್ಲಿಗೆ ಶತ್ರು. ಕಡಲ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಇದೆ. ಟ್ಯಾಂಕನ್ನು ಕೆಡಿಸುವುದು ಬೋರ್‌ವೆಲ್ಲಿನ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್. ಅವಕ್ಕೇ ಗಾಜಿನ ಮೇಲೆ ಕಂದು ಪಾಚಿ, ಕಲ್ಲಿನ ಮೇಲೆ ಹಸಿರು ಕೂದಲು. ಮೇಲಿನ ಉತ್ತರ ಓದಿದ್ದರೆ ಅರ್ಥವಾಗಿರಬೇಕು: ದಿನಾ ನಾಲ್ಕು ಲೀಟರ್ ತುಂಬುತ್ತೀರಿ, ನೀರು ಹೋಗುತ್ತೆ, ಅದರಲ್ಲಿದ್ದದ್ದು ಉಳಿಯುತ್ತೆ. ನೂರು ಟಿಡಿಎಸ್‌ನ (ಲೀಟರಿಗೆ ನೂರು ಮಿಲಿಗ್ರಾಂ ಲವಣ ಕರಗಿದ) ನೀರನ್ನು ಎರಡು ತಿಂಗಳು ತುಂಬಿದರೆ ಆ ನೂರು ನೂರಾಗಿ ಉಳಿಯುವುದಿಲ್ಲ. ಘಟಕದ ಮೆಂಬ್ರೇನ್ ಯಾವಾಗ ಬದಲಿಸಿದ್ದಾರೆ ಎಂದು ಅಲ್ಲಿನವರಿಗೂ ಗೊತ್ತಿರುವುದಿಲ್ಲ. ಮನೆಯ ಪ್ಯೂರಿಫೈಯರ್‌ಗಳಲ್ಲಿ ರುಚಿಗೆಂದು ಹಸಿ ನೀರನ್ನೋ ಖನಿಜವನ್ನೋ ಬೆರೆಸುವುದೂ ಉಂಟು. ಆರ್‌ಒ ನೀರನ್ನು ಉಳಿದ ಲವಣವನ್ನೂ ಹಿಡಿದುಕೊಳ್ಳುವ ಒಂದು ಡಿಐ ರೆಸಿನ್ ಡಬ್ಬಿಯ ಮೂಲಕ ಹಾಯಿಸಿ, ಟಿಡಿಎಸ್ ಪೆನ್ನು ಸೊನ್ನೆ ತೋರಿಸಬೇಕು. ಅದನ್ನು ಹಿಡಿದಿಡುವುದು ಪ್ಲಾಸ್ಟಿಕ್ ಕ್ಯಾನಿನಲ್ಲಿ. ಅಜ್ಜಿಯ ಕಾಲದ ತಾಮ್ರದ ಹಂಡೆ ಆರೋಗ್ಯಕ್ಕೆ ಒಳ್ಳೆಯದು ಎಂದು ಅದರಲ್ಲಿ ತುಂಬಿಟ್ಟವರೊಬ್ಬರ ಪತ್ರವೂ ನನ್ನ ಮೇಜಿನ ಮೇಲಿದೆ. ತಾಮ್ರ ಹವಳಕ್ಕೆ ವಿಷ.

ಪ್ರಶ್ನೆ: ಮರೀನ್ ಸಾಲ್ಟ್ ದುಬಾರಿ. ಕಲ್ಲುಪ್ಪೂ ಸಮುದ್ರದಿಂದಲೇ ಬರುವುದಲ್ಲವೇ? — ಹರಿಹರ

ಉತ್ತರ: ಬರುವುದೇನೋ ಅಲ್ಲಿಂದಲೇ. ಗೋಕರ್ಣದ ಹತ್ತಿರ ಸಾಣಿಕಟ್ಟದ ಉಪ್ಪಿನ ಗದ್ದೆ ನೋಡಿದ್ದೀರಾ? ಗದ್ದೆಯ ನೀರು ಬತ್ತುವಾಗ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳ ಸೇರುತ್ತವೆ. ನಂತರ ಉಪ್ಪು ಹರಳುಗಟ್ಟುತ್ತೆ. ಮೆಗ್ನೀಸಿಯಂ, ಪೊಟ್ಯಾಸಿಯಂ ತುಂಬಿದ ಕಹಿನೀರು ಕೊನೆಗೆ ಉಳಿಯುತ್ತೆ, ಅದನ್ನು ಆಚೆ ಬಿಡುತ್ತಾರೆ. ಹವಳ ತನ್ನ ಮೈ ಕಟ್ಟಲು ಬೇಕಾದದ್ದೆಲ್ಲ ಆ ತಳದಲ್ಲೂ ಆ ಕಹಿನೀರಿನಲ್ಲೂ ಹೋಯಿತು. ನಿಮಗೆ ಸಿಕ್ಕಿದ್ದು ಸಾರಿಗೆ ಹಾಕುವುದು. ಕಡಲ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ, ಅದರ ಮೂರರಷ್ಟು ಮೆಗ್ನೀಸಿಯಂ ಇರುತ್ತೆ. ಉಪ್ಪಿನಲ್ಲಿ ಉಳಿಸಬೇಕೆಂದಿದ್ದರೆ ಸಣ್ಣ ಟ್ಯಾಂಕ್ ಇಡಿ.

ಮಲ್ಪೆಯಿಂದ ಕ್ಯಾನಿನಲ್ಲಿ ನೀರು ತರುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ದಡದ ನೀರು ಕಡಲ ನೀರಲ್ಲ. ದೋಣಿಯ ಡೀಸೆಲ್ಲು, ಹೊಳೆಯ ನೀರು, ಊರಿನ ಕೊಳಚೆ ಎಲ್ಲ ಸೇರಿದ್ದು ಅದು.

ಪ್ರಶ್ನೆ: ಮೀನಿನ ಮೈಮೇಲೆ ಬಿಳಿ ಚುಕ್ಕಿ ಬಂದಿತ್ತು. ಅರಿಶಿನ ಹಾಕಿದೆ, ನಾಲ್ಕು ದಿನದಲ್ಲಿ ಹೋಯಿತು. ಮತ್ತೆ ಬಂದಿದೆ, ಹೆಚ್ಚಾಗಿ. ತೋಟಕ್ಕೆ ತಂದ ಮೈಲುತುತ್ತ ಸ್ವಲ್ಪ ಹಾಕಬಹುದು ಅನ್ನುತ್ತಾರೆ. — ಚನ್ನಗಿರಿ

ಉತ್ತರ: ಅರಿಶಿನಕ್ಕೆ ಹೋಗಲಿಲ್ಲ, ತಾನಾಗಿ ಉದುರಿತು. ಈ ಪರಾವಲಂಬಿ ಮೀನಿನ ಮೈಯಲ್ಲಿ ಕೆಲವೇ ದಿನ ಇದ್ದು, ತಿಂದು ದಪ್ಪಗಾಗಿ, ಮರಳಿಗೆ ಬಿದ್ದು ಗೂಡು ಕಟ್ಟುತ್ತೆ. ಒಂದೊಂದು ಗೂಡಿನಿಂದ ನೂರಾರು ಮರಿ ಹೊರಟು ಮತ್ತೆ ಮೀನು ಹುಡುಕುತ್ತವೆ. ಈ ನಡುವಿನ ಬಿಡುವೇ ನಕಲಿ ವೈದ್ಯರ ಅನ್ನ: ಅರಿಶಿನ, ಬೆಳ್ಳುಳ್ಳಿ, ನೀಲಿ, ಹಸಿರು, ಏನೇ ಹಾಕಿದರೂ ನಾಲ್ಕನೇ ದಿನ ಚುಕ್ಕಿ ಮಾಯ. ಮೈಲುತುತ್ತ ಅಂದರೆ ತಾಮ್ರದ ಲವಣ, ಅದು ಅಡಿಕೆಗೆ ಬೋರ್ಡೋ ದ್ರಾವಣ ಮಾಡುವುದಕ್ಕೆ. ಹವಳದ ಟ್ಯಾಂಕಿಗೆ ಹಾಕಿದರೆ ಸೀಗಡಿ, ಹವಳ ಎಲ್ಲ ಮುಗಿಯುತ್ತವೆ, ಕಲ್ಲು ಹೀರಿಕೊಂಡ ತಾಮ್ರ ಮುಂದೆ ತಿಂಗಳುಗಟ್ಟಲೆ ಒಸರುತ್ತಿರುತ್ತೆ. ಮೀನುಗಳನ್ನೆಲ್ಲ ಬೇರೆ ಟಬ್ಬಿಗೆ ಹಾಕಿ ಅಲ್ಲಿ ಚಿಕಿತ್ಸೆ ಕೊಡಿ. ಅಲ್ಲಾದರೆ ಅಳೆದ ತಾಮ್ರದ ಔಷಧಿ ಸರಿ, ದಿನಾ ಕಿಟ್ಟಿನಲ್ಲಿ ಪರೀಕ್ಷಿಸುತ್ತಾ. ಮುಖ್ಯ ಟ್ಯಾಂಕ್ ಹನ್ನೊಂದು ವಾರ ಮೀನಿಲ್ಲದೆ ಖಾಲಿ ಇರಲಿ. ಹೊಸ ಮೀನನ್ನು ತಂದ ದಿನದಿಂದಲೇ ಒಂದು ತಿಂಗಳು ಬೇರೆ ಇಟ್ಟಿದ್ದರೆ ಈ ಪತ್ರ ಬರುತ್ತಿರಲಿಲ್ಲ.

ಪ್ರಶ್ನೆ: ಮುರುಡೇಶ್ವರಕ್ಕೆ ಹೋಗುತ್ತಿದ್ದೇವೆ. ನೇತ್ರಾಣಿಯಲ್ಲಿ ಹವಳ ಇದೆಯಂತೆ, ಒಂದು ತುಂಡು ತರಬಹುದೇ?

ಉತ್ತರ: ಮೂರರಿಂದ ಏಳು ವರ್ಷ ಜೈಲಿನಲ್ಲಿ ಟ್ಯಾಂಕ್ ಇಡಲು ಬಿಡುವುದಿಲ್ಲ. ಗಟ್ಟಿ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ, ಕಡಲಸೌತೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸತ್ತ ಹವಳದ ಕಲ್ಲೂ ಅಷ್ಟೇ. ಅಂಗಡಿಯಲ್ಲಿ ಬಿಲ್ಲು, ಕಾಗದಪತ್ರ ಇಲ್ಲದೆ ಕೊಟ್ಟರೂ ಬೇಡ. ಟ್ಯಾಂಕಿಗೆ ಸಿರಾಮಿಕ್ ಕಲ್ಲು ಸಾಕು.

ಪ್ರಶ್ನೆ: ನೆಮೋ (ಕ್ಲೌನ್) ಮೀನಿಗೆ ಅದು ಅಡಗುವ ಹೂವಿನಂಥ ಕಡಲ ಪ್ರಾಣಿ ಅನಿಮೋನ್ ಇಲ್ಲದಿದ್ದರೆ ಬದುಕುತ್ತದೆಯೇ?

ಉತ್ತರ: ಬದುಕುತ್ತೆ, ಮೊಟ್ಟೆಯನ್ನೂ ಇಡುತ್ತೆ. ಹುಟ್ಟುವಾಗ ಎಲ್ಲ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ವರ್ಷಗಳಾದವು, ಅಂಥ ಮರಿಗಳನ್ನೇ ಕೇಳಿ ಕೊಳ್ಳಿ. ಅನಿಮೋನ್ ನಾನಂತೂ ಇಡುವುದಿಲ್ಲ. ಅದಕ್ಕೆ ಕಾಲಿದೆ, ನನ್ನದು ಒಂದು ರಾತ್ರಿ ನಡೆದುಕೊಂಡು ಪಂಪಿನೊಳಗೆ ಹೋಯಿತು.

ಪ್ರಶ್ನೆ: ವಾಸ್ತು ಪ್ರಕಾರ ಯಾವ ದಿಕ್ಕಿಗೆ ಇಡಬೇಕು?

ಉತ್ತರ: ಪಶ್ಚಿಮದ ಬಿಸಿಲು ಬೀಳದ ದಿಕ್ಕಿಗೆ, 300 ಕೆಜಿ ತಡೆಯುವ ಸ್ಟ್ಯಾಂಡಿನ ಮೇಲೆ.

ಪ್ರಶ್ನೆ: ಐದು ದಿನ ಊರಿಗೆ ಹೋಗಬೇಕು. ಮೀನಿಗೆ ಊಟ?

ಉತ್ತರ: ಬೆಳೆದ, ಹುಷಾರಾಗಿರುವ ಮೀನಾದರೆ ಐದು ದಿನ ಉಪವಾಸ ಇರಲಿ. ಪಕ್ಕದ ಮನೆಯವರ ಕೈಗೆ ಊಟದ ಡಬ್ಬಿ ಕೊಡಬೇಡಿ, ಅವರು ಪ್ರೀತಿಯಿಂದ ಹಾಕಿ ಕೊಲ್ಲುತ್ತಾರೆ. ಕೊಡಬೇಕಾದದ್ದು ದಿನಕ್ಕೊಂದರಂತೆ ಐದು ಬಾಟಲಿ ಸಪ್ಪೆ ನೀರು. ಪ್ರತಿಯೊಂದರ ಮೇಲೂ ವಾರದ ಹೆಸರು ಬರೆದು, ಉಪ್ಪಿನ ಬಕೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗಿ.