ಶೇ. 90 ಎಂದರೆ ಯಾವುದರಲ್ಲಿ, ಎಂದಿನಿಂದ?

ಆತ್ಮೀಯರೇ,

ಕಡಲಿನ ದೊಡ್ಡ ಬೇಟೆಗಾರ ಮೀನುಗಳು ಕರಗುತ್ತಿರುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಒಂದೇ ಗುಕ್ಕಿಗೆ ಓದಿದೆ. ಭಾಷೆ ಚೆನ್ನಾಗಿದೆ, ಕಾಳಜಿಯೂ ನಿಜವಾದದ್ದೇ. ಆದರೆ ಎರಡನೇ ಪ್ಯಾರಾದ ಎರಡು ಸಾಲುಗಳನ್ನು ದಾಟಿ ಹೋಗಲು ನನ್ನಿಂದಾಗುತ್ತಿಲ್ಲ.

"ಸಾಗರದ ಶೇ. 90ರಷ್ಟು ಬೇಟೆಗಾರ ಮೀನುಗಳು ಅಳಿದುಹೋಗಿವೆ." ಹತ್ತರಲ್ಲಿ ಒಂಬತ್ತು ಜಾತಿಗಳೇ ನಿರ್ನಾಮವಾದವು ಎಂದು ಓದುಗರು ತಿಳಿಯುತ್ತಾರೆ. 2003ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಮೈಯರ್ಸ್ ಮತ್ತು ವರ್ಮ್ ಎಂಬ ವಿಜ್ಞಾನಿಗಳು ಹೇಳಿದ್ದು ಒಟ್ಟು ತೂಕದ ಮಾತು: ಕೈಗಾರಿಕಾ ಮೀನುಗಾರಿಕೆಗೆ ಮುಂಚೆ ಇದ್ದುದರ ಸುಮಾರು ಹತ್ತನೇ ಒಂದು ಭಾಗ ಉಳಿದಿದೆ ಎಂದು. ಮೀನನ್ನು ಯಾರೂ ಎಣಿಸಿರಲಿಲ್ಲ. ತೆರೆದ ಸಾಗರದ ಮಟ್ಟಿಗೆ, ಮೈಲಿಗಟ್ಟಲೆ ಹಗ್ಗಕ್ಕೆ ಗಾಳ ಕಟ್ಟಿ ಬಿಡುತ್ತಿದ್ದ ಜಪಾನಿನ ಹಡಗುಗಳ ದಾಖಲೆ ತೆಗೆದು, ನೂರು ಗಾಳಕ್ಕೆ ಎಷ್ಟು ಮೀನು ಬಿತ್ತು ಎಂದು ನೋಡಿದರು. ಗಾಳಕ್ಕೆ ಬೀಳುವುದು ಕಮ್ಮಿಯಾದ ಮಾತ್ರಕ್ಕೆ ಕಡಲಲ್ಲೂ ಅಷ್ಟೇ ಕಮ್ಮಿಯಾಯಿತೆನ್ನಲಾಗದು ಎಂದು ಟ್ಯೂನಾ ತಜ್ಞರು ತಿರುಗಿಬಿದ್ದರು. ಬೇರೆ ದಾರಿ ಹಿಡಿದ 2014ರ ಅಧ್ಯಯನವೊಂದು ನೂರು ವರ್ಷದಲ್ಲಿ ಈ ಮೀನುಗಳ ಒಟ್ಟು ತೂಕದ ಮೂರನೇ ಎರಡು ಭಾಗ ಹೋಗಿದೆ ಎಂದಿತು. ಅದೇನು ಸಣ್ಣ ಸುದ್ದಿಯೇ? ಲೇಖನದ ಜೀವವೇ ಈ ವಾದ. ನೀವು ಅದನ್ನೇ ಬಿಟ್ಟಿದ್ದೀರಿ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಶೇಕಡಾ ಕಂಡಲ್ಲೆಲ್ಲ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ "ಯಾವುದರಲ್ಲಿ? ಎಂದಿನಿಂದ?" ಎಂದು ಗೀಚುತ್ತಿದ್ದರು. ಪುಟ ಕಟ್ಟುವ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ. ಮೂಲ ವರದಿ ಹುಡುಕಿ ತರುವುದು ನನ್ನ ಪಾಲಿಗೆ ಬರುತ್ತಿತ್ತು. ಮೀನಿನ ವಿಷಯದಲ್ಲಂತೂ ಆ ಎರಡನೇ ಪ್ರಶ್ನೆ ದೊಡ್ಡದು. ತಾವು ಕೆಲಸಕ್ಕೆ ಸೇರಿದಾಗ ಕಂಡ ಕಡಲನ್ನೇ ಪ್ರತಿ ಪೀಳಿಗೆಯ ತಜ್ಞರೂ ಸಹಜವೆಂದುಕೊಳ್ಳುತ್ತಾರೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲೇ ಎಚ್ಚರಿಸಿದ್ದರು.

ಇನ್ನೊಂದು ಸಾಲು: "ಮನುಷ್ಯನ ದುರಾಸೆಗೆ ಕಾಡ್ ಮೀನು ಬಲಿಯಾಯಿತು." ಯಾವ ಮನುಷ್ಯ? ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ ತೀರದ ಮೀನುಗಾರರು 80ರ ದಶಕದಲ್ಲೇ ಮೀನು ಸಿಗುತ್ತಿಲ್ಲ ಎಂದು ಕೂಗಿದ್ದರು. ಮೀನು ಗುಂಪುಗೂಡಿದ ಕಡೆಗೇ ಹೋಗುವ ದೊಡ್ಡ ಟ್ರಾಲರ್‌ಗಳಿಗೆ ಮಾತ್ರ ಬಲೆ ತುಂಬುತ್ತಿತ್ತು, ಸರ್ಕಾರದ ಅಂದಾಜು ಆ ಲೆಕ್ಕವನ್ನೂ ನೆಚ್ಚಿತ್ತು. 1992ರಲ್ಲಿ ಅಲ್ಲಿ ಕಾಡ್ ಹಿಡಿಯುವುದಕ್ಕೆ ನಿಷೇಧ ಬಿದ್ದಾಗ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಮೊದಲೇ ಕೂಗಿ ಹೇಳಿದವರನ್ನೂ ಟ್ರಾಲರ್ ಕಂಪನಿಗಳನ್ನೂ ಒಂದೇ ‘ಮನುಷ್ಯ’ನೊಳಗೆ ತುರುಕುವುದು ಅನ್ಯಾಯ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಉಳಿದ ಪುಟಗಳನ್ನು ಸದ್ಯಕ್ಕೆ ಮುಟ್ಟಬೇಡಿ. ನೂರು ಗಾಳದ ಲೆಕ್ಕದಿಂದ ಶುರುಮಾಡಿ ಈ ಪ್ಯಾರಾವನ್ನು ಹೊಸದಾಗಿ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.

ಸಂಪಾದಕ