ಸಫೋಕ್‌ನ ಹಳೇ ಹಳ್ಳಿ ಪಬ್ಬಿನ ಒದ್ದೆ ಗೋಡೆ: ಇಂಜೆಕ್ಷನ್ ಬೇಡ, ಮೊದಲು ಇದನ್ನು ನೋಡಿ

ಇಂಗ್ಲೆಂಡಿನ ಸಫೋಕ್‌ನಲ್ಲಿರುವ ನಿಮ್ಮ ಹಳೇ ಪಬ್ಬಿನ ಫೋಟೋ ಕಳಿಸಿ, ಗೋಡೆ ಒದ್ದೆಯಾಗಿದೆ, ಕೆಮಿಕಲ್ ಇಂಜೆಕ್ಷನ್ ಮಾಡಿಸಿ ಅಂತ ಹೇಳಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಾರ್ ಪಕ್ಕದ ಗೋಡೆಯ ಬುಡ ಒದ್ದೆಯಾಗಿ ಕೆಳತೊಲೆ (ಮರದ ಚೌಕಟ್ಟು ಕೂತಿರುವ ಬುಡದ ಅಡ್ಡತೊಲೆ) ಮೆತ್ತಗಾಗಲು ಕಾರಣ ಬಹುಶಃ ಹೊರಗೆ ಮೆತ್ತಿರುವ ಸಿಮೆಂಟ್. ಹಳೇ ಕಾಲದ ಸಫೋಕ್ ಪಬ್ಬುಗಳಲ್ಲಿ ಸಾಮಾನ್ಯವಾಗಿ ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮೆತ್ತಿದ ಮಣ್ಣು, ಮೇಲೆ ಸುಣ್ಣದ ಗಾರೆ ಇರುತ್ತದೆ. ಇಂಥ ಗೋಡೆ ತೇವ ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟಿನ ಬಿರುಕಲ್ಲಿ ನೀರು ಒಳಗೆ ಹೋಗುತ್ತದೆ, ವಾಪಸ್ ಬರಲು ದಾರಿ ಇಲ್ಲ. ನಿಮಗೆ ಹೇಳಿರುವ ಕೆಮಿಕಲ್ ಇಂಜೆಕ್ಷನ್‌ಗೆ, ಅಂದರೆ ತೇವ ಮೇಲೇರದಂತೆ ಗೋಡೆಯ ಬುಡಕ್ಕೆ ತೂತು ಕೊರೆದು ರಾಸಾಯನಿಕ ತುಂಬುವುದಕ್ಕೆ, ದುಡ್ಡು ಹಾಕಬೇಡಿ. ಸಿಕ್ಕಿಬಿದ್ದ ನೀರನ್ನು ಅದು ಹೊರಗೆ ತರುವುದಿಲ್ಲ.

ಮೊದಲು ಜೋರು ಮಳೆಯಲ್ಲಿ ಹೊರಗೆ ನಿಂತು ಸೂರಿನ ದೋಣಿ, ಪೈಪು ಸೋರುತ್ತಿವೆಯಾ ನೋಡಿ. ಆಮೇಲೆ ಹೊರಗಿನ ನೆಲ. ವರ್ಷಾನುಗಟ್ಟಲೆ ಜಲ್ಲಿ, ಡಾಂಬರು ಹಾಕಿ ಅದು ಕೆಳತೊಲೆಗಿಂತ ಮೇಲೆ ಬಂದಿದ್ದರೆ ತಗ್ಗಿಸಲೇಬೇಕು. ನಮ್ಮ ಕಟ್ಟಡದಲ್ಲಿ ಇದರಿಂದಲೇ ಒದ್ದೆ ಎಷ್ಟೋ ಕಡಿಮೆಯಾಯಿತು.

ಸಿಮೆಂಟ್ ಮುಟ್ಟುವ ಮೊದಲು ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ನಿಮ್ಮ ಪಬ್ಬು ಇದೆಯಾ ನೋಡಿ, ಆನ್‌ಲೈನಿನಲ್ಲಿ ಉಚಿತ. ಇದ್ದರೆ ಸ್ಥಳೀಯ ಕೌನ್ಸಿಲ್‌ನಲ್ಲಿ ಹಳೇ ಕಟ್ಟಡಗಳ ಉಸ್ತುವಾರಿ ನೋಡುವ ಕನ್ಸರ್ವೇಶನ್ ಆಫೀಸರ್ ಹತ್ತಿರ ಮಾತಾಡಿ. ಕೌನ್ಸಿಲ್ ಒಪ್ಪಿಗೆಯಿಲ್ಲದೆ ಅಂಥ ಕಟ್ಟಡದ ಸ್ವರೂಪ ಬದಲಿಸುವುದು ಸಂರಕ್ಷಿತ ಕಟ್ಟಡಗಳ 1990ರ ಕಾಯ್ದೆ ಪ್ರಕಾರ ಅಪರಾಧ.

ಒಪ್ಪಿಗೆ ಸಿಕ್ಕ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಸಿಮೆಂಟ್ ಬಿಡಿಸಿ. ತೊಲೆ ಎಷ್ಟು ಕೊಳೆತಿದೆ ಅಂತ ಫೋಟೋದಿಂದ ಹೇಳಲಾರೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೇಲ್ಪದರ ಮಾತ್ರ ಮೆತ್ತಗಿದ್ದು ಒಳಗೆ ಗಟ್ಟಿ ಇದ್ದರೆ ಹಾಗೇ ಬಿಡಬಹುದು. ಇಲ್ಲದಿದ್ದರೆ ಹಳೇ ಮರದ ಕೆಲಸ ಗೊತ್ತಿರುವ ಬಡಗಿ, ಕೆಟ್ಟಷ್ಟನ್ನೇ ಕತ್ತರಿಸಿ ಹೊಸ ಓಕ್ ಜೋಡಿಸುತ್ತಾರೆ. ಪೂರ್ತಿ ತೊಲೆ ಬದಲಿಸಲು ಬಿಡಬೇಡಿ. ಕೊನೆಗೆ ಸುಣ್ಣದ ಗಾರೆ, ಸುಣ್ಣದ್ದೇ ಬಣ್ಣ. ಈ ಕೆಲಸ ಚಳಿಗಾಲಕ್ಕೆ ಮುಂಚೆಯೇ ಮುಗಿಯಬೇಕು, ಹಸಿ ಗಾರೆ ಹಿಮಕ್ಕೆ ಉದುರಿಹೋಗುತ್ತದೆ.